ಒಮ್ಮೊಮ್ಮೆ

ತೀರ್ಥಹಳ್ಳಿಯ ಇಳಿಜಾರುಗಳೆಲ್ಲ ನನಗೆ ಬಾಯಿಪಾಠ.
ಆಸ್ಪತ್ರೆ ಹಿಂದಿನ ಓಣಿಯಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಬಹುದು,
ಹಿಟ್ಟಿನ ಗಿರಣಿಯ ಎದುರೂ ಪರವಾಗಿಲ್ಲ, ಹಿಂದಕ್ಕೆ ಬಿಟ್ಟರೂ ಸಾಕು.
ಪೆಟ್ರೋಲ್ ಬಂಕು ಮಾತ್ರ ಸಪಾಟು. ಅಲ್ಲಿ ಎದೆ ಹೊಡೆದುಕೊಳ್ಳುತ್ತದೆ.

ತೊಂಬತ್ತೆಂಟರ ಮಾರುತಿ, ಬಿಳಿ,
ಎಲ್ಲೈಸಿಯ ವಾಮನ ಪೈಗಳಿಂದ ಕೊಂಡದ್ದು.
ದಿನಾ ಸ್ಟಾರ್ಟಾಗುತ್ತದೆ. ಒಮ್ಮೊಮ್ಮೆ ಆಗುವುದಿಲ್ಲ.
ಆ ಒಮ್ಮೊಮ್ಮೆಗೆ ಪಂಚಾಂಗವಿಲ್ಲ.

ಬ್ಯಾಟರಿ ಹೊಸದು ಹಾಕಿಸಿದೆ, ಮೂರೂವರೆ ಸಾವಿರ.
ಸೆಲ್ಫು ಬಿಚ್ಚಿ ಬುಶ್ಶು ಬದಲಿಸಿದರು. ಕೀಲಿಯ ಸ್ವಿಚ್ಚೂ ಬದಲಾಯಿತು.
ತಿಂಗಳು ಸುಮ್ಮನಿದ್ದು, ಮತ್ತೊಂದು ಸಂಜೆ,
ಟಕ್.
ಅಷ್ಟೇ. ಬಾಗಿಲು ತಟ್ಟಿ ಓಡಿಹೋದ ಮಕ್ಕಳ ಹಾಗೆ.

ಕುರುವಳ್ಳಿಯ ಜಕ್ರಿಯಾ ಸಾಬರ ಮುಂದೆ ಮಾತ್ರ
ಕಿವಿ ಹಿಂಡುವ ಮೊದಲೇ ಹಾಡುತ್ತದೆ ಕಳ್ಳಗಾಡಿ,
ಹೊಟ್ಟೆನೋವೆಂದು ಶಾಲೆ ತಪ್ಪಿಸಿದ ಹುಡುಗ
ಡಾಕ್ಟರ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಂತೆ.
"ಕೆಟ್ಟಾಗ ಫೋನ್ ಮಾಡಿ ಮೇಡಮ್. ತಳ್ಳಿಸಬೇಡಿ.
ಯಾವ ವೈರನ್ನೂ ಅಲ್ಲಾಡಿಸಬೇಡಿ.
ಕೆಟ್ಟದ್ದು ಕೆಟ್ಟ ಹಾಗೇ ಇರಲಿ, ನಾ ಬರೋವರೆಗೆ.
ರಿಪೇರಿಗಿಂತ ಅದೇ ಕಷ್ಟ, ಗೊತ್ತು."

ನಾನು ರಕ್ತ ಓದುವವಳು, ಹತ್ತೊಂಬತ್ತು ವರ್ಷದಿಂದ.
ಮೇಗರವಳ್ಳಿಯ ಪದ್ದಕ್ಕ ಮೂರು ಸಲ ಬಂದಿದ್ದರು ಲ್ಯಾಬಿಗೆ,
ಒಮ್ಮೊಮ್ಮೆ ತಲೆ ಸುತ್ತುತ್ತದೆಂದು.
ಸಕ್ಕರೆ, ಹಿಮೋಗ್ಲೋಬಿನ್ನು, ಥೈರಾಯ್ಡು,
ಎಲ್ಲವೂ ಇರಬೇಕಾದ ಅಂಕಿಗಳ ನಡುವೆ ಸಭ್ಯವಾಗಿ ಕೂತಿದ್ದವು.
"ಏನೂ ಇಲ್ಲ ಪದ್ದಕ್ಕ" ಎಂದೆ.
ಅವರು ರಿಪೋರ್ಟು ಮಡಿಸಿ, ಇನ್ನೊಮ್ಮೆ ಮಡಿಸಿ,
ಆ ಏನೂ ಇಲ್ಲಕ್ಕೆ ಆರುನೂರ ಎಂಬತ್ತು ಎಣಿಸಿಕೊಟ್ಟರು.

ಬುಧವಾರ ಕೆಟ್ಟಿತು. ಬಂಕಿನಲ್ಲೇ.
ಹಿಂದೆ ಎರಡು ಜೀಪು, ಒಂದು ಹಾಲಿನ ವ್ಯಾನು, ಹಾರ್ನು.
ತಳ್ಳಲು ಬಂದ ನಾಲ್ವರನ್ನು ಕೈ ಅಡ್ಡ ಹಿಡಿದು ತಡೆದೆ,
"ಮುಟ್ಟಬೇಡಿ!" ಹುಚ್ಚಿಯ ಹಾಗೆ.

ಸಾಬರು ಲೂನಾದಲ್ಲಿ ಬಂದರು. ಮೊದಲು ಏನನ್ನೂ ಬಿಚ್ಚಲಿಲ್ಲ.
"ಹೆಡ್‌ಲೈಟ್ ಹಾಕಿ. ಈಗ ಕೀ ತಿರುಗಿಸಿ."
ಟಕ್. ಬೆಳಕು ಕದಲಲಿಲ್ಲ.
"ಬ್ಯಾಟರಿಗೆ ಜೀವ ಇದೆ. ಕರೆಂಟು ಹೋಗೋ ದಾರಿ ಇದೆ,
ವಾಪಸ್ ಬರೋ ದಾರಿ ಇಲ್ಲ."
ಮೀಟರಿನ ಕೆಂಪು ಕಡ್ಡಿ ಇಂಜಿನ್ನಿಗೆ, ಕಪ್ಪು ಮೈನಸ್ಸಿಗೆ.
"ತಿರುಗಿಸಿ."
ಸೊನ್ನೆ ಇರಬೇಕಾದಲ್ಲಿ ಒಂಬತ್ತು ವೋಲ್ಟು.
"ಅರ್ಥ ಸಿಗ್ತಿಲ್ಲ" ಎಂದರು.
ಇಂಗ್ಲಿಷಿನ ಭೂಮಿಯನ್ನು ಅವರು ಕರೆಯುವುದೇ ಹಾಗೆ.
ನನಗೂ ಸಿಕ್ಕಿರಲಿಲ್ಲ, ಮೂರು ವರ್ಷ.

ಇಂಜಿನ್ನಿನಿಂದ ಬಾಡಿಗೆ ಹೆಣೆದ ತಾಮ್ರದ ಒಂದು ಪಟ್ಟಿ,
ಜಡೆಯ ರಿಬ್ಬನ್ನಿನಷ್ಟು ಅಗಲ, ತುದಿಗೆ ಒಂದು ಬೋಲ್ಟು.
ಮಾರುವ ಮುಂಚೆ ಪೈಗಳು ಬಣ್ಣ ಹೊಡೆಸಿದ್ದರು,
ಪೇಂಟರು ಉದಾರಿ, ಬೋಲ್ಟು ಬಿಚ್ಚಿ ಅದರಡಿಗೂ ಬಳಿದಿದ್ದ.
ಲೋಹಕ್ಕೂ ಲೋಹಕ್ಕೂ ನಡುವೆ ಕೂದಲೆಳೆಯಷ್ಟು ಅಂದ.
ಬೋಲ್ಟಿನ ಅಂಚು ತಾಕಿದ ದಿನ ಓಡುತ್ತಿತ್ತು,
ತಾಕದ ದಿನ ನಾನು ಬೀದಿಯಲ್ಲಿ.

ಉಪ್ಪುಕಾಗದದಲ್ಲಿ ಉಜ್ಜಿದರು, ಬಣ್ಣ ಹೋಗಿ
ತಗಡಿನ ನಿಜಮೈ ಕಾಣುವವರೆಗೆ. ಗ್ರೀಸು ಸವರಿ ಬಿಗಿದರು.
"ಐವತ್ತು ಕೊಡಿ. ಲೂನಾದ ಪೆಟ್ರೋಲಿಗೆ."

ಗುರುವಾರ ಪದ್ದಕ್ಕನಿಗೆ ಫೋನು ಮಾಡಿದೆ.
ಸುತ್ತು ಬಂದಾಗಲೇ ಹೇಳಿ. ಮಲಗಬೇಡಿ, ಮಾತ್ರೆ ನುಂಗಬೇಡಿ,
ಇದ್ದಲ್ಲೇ ಕೂತಿರಿ, ನಾನೇ ಬರುತ್ತೇನೆ, ಗಾಡಿ ಈಗ ಸರಿಯಿದೆ.
"ರಾತ್ರಿ ಬಂದರೆ?"
ರಾತ್ರಿಯೂ.
ಆ ಕಡೆ ಸುಮಾರು ಹೊತ್ತು ಕೋಳಿಗಳ ಸದ್ದು ಮಾತ್ರ.

ಹಾಗೆ ಹೇಳಿದವಳು ಅಂದು ಸಂಜೆಯೂ
ಆಸ್ಪತ್ರೆ ಹಿಂದಿನ ಓಣಿಗೇ ಹೋಗಿ ನಿಲ್ಲಿಸಿದ್ದೆ,
ಮೂತಿ ಕೆಳಗೆ ಮಾಡಿ.